ಎದೆಮಟ್ಟದ ಎಣಿಕೆ: ವಯನಾಡಿನ ಕಾಫಿ ತೋಟಗಳೂ ಕಲ್ಲುಹೂಗಳ ವೈವಿಧ್ಯವೂ

ಭೂಬಳಕೆ ಬದಲಾದರೆ ಕಲ್ಲುಹೂಗಳೂ ಬದಲಾಗುತ್ತವೆ ಎಂಬುದರಲ್ಲಿ ಈಗ ತಕರಾರಿಲ್ಲ. ಪ್ಯಾರಿಸ್ ನಗರದ ಗಾಳಿ ಕೆಟ್ಟಿರುವುದನ್ನು ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ 1866ರಲ್ಲೇ ಕಲ್ಲುಹೂಗಳ ಮೂಲಕ ಗುರುತಿಸಿದ್ದ. ಭಾರತದ ಪ್ರಭೇದಗಳನ್ನು ಗುರುತಿಸಲು ಡಿ. ಡಿ. ಅವಸ್ಥಿಯವರ ಕೈಪಿಡಿಗಳಿವೆ. ತಕರಾರು ಇರುವುದು ನೆರಳಿನ ಕಾಫಿ ತೋಟದ ವಿಷಯದಲ್ಲಿ. ತೋಟದ ಮರಗಳಲ್ಲಿ ಸಿಗುವ ಪ್ರಭೇದಗಳ ಸಂಖ್ಯೆ ಕಾಡಿನದಕ್ಕೆ ಹತ್ತಿರವಿದ್ದರೆ, ಕಲ್ಲುಹೂಗಳ ಮಟ್ಟಿಗೆ ತೋಟವೇ ಕಾಡಿನ ಬದಲಿಯಾಗಬಲ್ಲದು ಎಂಬ ವಾದವುಂಟು. ವಯನಾಡಿನಲ್ಲಿ ಈ ವಾದಕ್ಕೆ ತೂಕ ಹೆಚ್ಚು. ಅಲ್ಲಿನ ಪ್ರಸ್ಥಭೂಮಿಯ ಬಹುಭಾಗವನ್ನು ರೊಬಸ್ಟಾ ಕಾಫಿ, ಮೆಣಸು, ತೇಗದ ನೆಡುತೋಪುಗಳು ಆಕ್ರಮಿಸಿವೆ.

ಆ ವಾದದ ದೋಷ ಎಣಿಸುವ ಎತ್ತರದಲ್ಲಿದೆ ಎಂಬುದು ನನ್ನ ನಿಲುವು. ಸಮೀಕ್ಷಕರು ಸಾಮಾನ್ಯವಾಗಿ ನೋಡುವುದು ಕಾಂಡದ ಎದೆಮಟ್ಟದ ತೊಗಟೆಯನ್ನು. ದಟ್ಟ ಕಾಡಿನಲ್ಲಿ ಆ ಮಟ್ಟಕ್ಕೆ ಬೆಳಕು ಇಳಿಯುವುದೇ ಕಡಿಮೆ. ಬಿಸಿಲು ಬೇಡುವ ಪಾರ್ಮೋಟ್ರೆಮಾ (ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂ ಬಹುಪಾಲು ಇದೇ), ಉಸ್ನಿಯಾಗಳು ಮರದ ನೆತ್ತಿಯ ಕೊಂಬೆಗಳಲ್ಲಿರುತ್ತವೆ. ತೋಟದಲ್ಲಿ ಮರಗಸಿ ಮಾಡಿ ಕೊಂಬೆ ಕಡಿದಾಗ ಬೆಳಕು ಬುಡದವರೆಗೆ ಬರುತ್ತದೆ, ನೆತ್ತಿಯ ಕಲ್ಲುಹೂಗಳು ಕಣ್ಣಳತೆಗೆ ಇಳಿಯುತ್ತವೆ. ಹಾಗಾದರೆ ನಾವು ತೋಟದ ಹೆಚ್ಚಿನ ಪಾಲನ್ನು ಕಾಡಿನ ತಳಭಾಗದೊಡನೆ ಹೋಲಿಸಿ, ಎರಡೂ ಸಮವೆಂದು ಹೇಳುತ್ತಿರಬಹುದು. ಎಲ್ಲ ತೋಟಕ್ಕೂ ಇದು ಅನ್ವಯಿಸುತ್ತದೆ ಎನ್ನಲಾರೆ. ಕಾಡುಮರಗಳನ್ನು ಹಾಗೆಯೇ ಉಳಿಸಿಕೊಂಡ ಹಳೆಯ ತೋಟಕ್ಕೂ ಸಿಲ್ವರ್ ಓಕ್ ಸಾಲಿಗೂ ಅಜಗಜಾಂತರವಿದೆ. ಸಿಲ್ವರ್ ಓಕಿನ ಕಾಂಡವನ್ನು ಮೆಣಸಿನ ಬಳ್ಳಿ ಮುಚ್ಚಿದ್ದರೆ ಅಲ್ಲಿ ಎಣಿಸಲು ತೊಗಟೆಯೇ ಉಳಿದಿರುವುದಿಲ್ಲ.

ನೆತ್ತಿಯ ಪ್ರಭೇದಗಳನ್ನಾದರೂ ತೋಟ ಕಾಪಾಡಿತಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ, ಅಷ್ಟನ್ನು ಒಪ್ಪಬೇಕು. ಆದರೆ ನಷ್ಟ ಬೇರೆಡೆ ಇದೆ. ಶಿಲೀಂಧ್ರದೊಡನೆ ಹಸಿರು ಪಾಚಿ ಕೂಡಿರುವ ಕಲ್ಲುಹೂಗಳು ಬರಿಯ ತೇವಗಾಳಿಯಿಂದಲೇ ದ್ಯುತಿಸಂಶ್ಲೇಷಣೆ ಆರಂಭಿಸಬಲ್ಲವು, ಸಯನೋಬ್ಯಾಕ್ಟೀರಿಯಾ ಹೊಂದಿದವುಗಳಿಗೆ ದ್ರವರೂಪದ ನೀರೇ ಬೇಕು ಎಂದು ಒಟ್ಟೊ ಲಾಂಗೆ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಲೆಪ್ಟೋಜಿಯಂ, ಕಾಲೆಮಾದಂಥವು ಈ ಎರಡನೆಯ ಗುಂಪಿನವು. ತೊಗಟೆ ಬೇಗ ಒಣಗುವಲ್ಲಿ ಮೊದಲು ಸೋಲುವವು ಇವೇ ಎಂದು ನಿರೀಕ್ಷಿಸಬೇಕು. ಇದರ ಮೇಲೆ ಮೆಣಸಿನ ಸೊರಗು ರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣ. ಅದರ ತಾಮ್ರ ಶಿಲೀಂಧ್ರಕ್ಕೂ ಸಯನೋಬ್ಯಾಕ್ಟೀರಿಯಾಕ್ಕೂ ವಿಷ. ಸಂಖ್ಯೆಯೊಂದನ್ನೇ ನೋಡಿದರೆ, ಈ ಗುಂಪು ಹೋದ ಜಾಗವನ್ನು ಬಿಸಿಲಿನ ಪ್ರಭೇದಗಳು ತುಂಬಿ ಮೊತ್ತ ಹಾಗೆಯೇ ಉಳಿಯುತ್ತದೆ.

ಸಮುದ್ರಮಟ್ಟದಿಂದ ಇರುವ ಎತ್ತರದ ವ್ಯತ್ಯಾಸ ಇನ್ನೊಂದು ಆಕ್ಷೇಪ. ದಟ್ಟ ನಿತ್ಯಹರಿದ್ವರ್ಣ ಕಾಡು ಉಳಿದಿರುವುದು ಹೆಚ್ಚಾಗಿ ಚೆಂಬ್ರ, ಬಾಣಾಸುರದಂಥ ಬೆಟ್ಟದ ಇಳಿಜಾರುಗಳಲ್ಲಿ, ತೋಟ ಕೆಳಗೆ. ಭೂಬಳಕೆಯದೆಂದು ಕಾಣುವುದು ಮಂಜು, ಮಳೆಗಳ ಫಲವೂ ಆಗಿರಬಹುದು. ಆದ್ದರಿಂದ ಸಮಾನ ಎತ್ತರದ ಜೋಡಿಗಳನ್ನೇ ಹೋಲಿಸಬೇಕು. ಕಾಡಿನಲ್ಲಿ ಬಿಸಿಲಿನ ಪ್ರಭೇದಗಳು ನೆತ್ತಿಯಲ್ಲಿವೆ ಎಂಬ ಊಹೆಯ ಪರೀಕ್ಷೆಗೆ ಮರ ಹತ್ತಲೇಬೇಕೆಂದಿಲ್ಲ. ಗಾಳಿಮಳೆಗೆ ಮುರಿದು ಬಿದ್ದ ಹಸಿ ಕೊಂಬೆಗಳನ್ನು ಕಾಡಿನಲ್ಲಿ ಆಯ್ದು ಎಣಿಸಿದರೆ ಆರಂಭಕ್ಕೆ ಸಾಕು. ಆದರೆ ಬೀಳುವ ಕೊಂಬೆಗಳು ಹೆಚ್ಚಾಗಿ ಮುದಿಯಾದವು ಇಲ್ಲವೇ ರೋಗ ತಗುಲಿದವು. ನೆತ್ತಿಯ ಎಳೆಯ ರೆಂಬೆಗಳ ಕಲ್ಲುಹೂಗಳನ್ನು ಅವು ಎಷ್ಟರಮಟ್ಟಿಗೆ ಪ್ರತಿನಿಧಿಸುತ್ತವೆ ಎಂಬುದು ಇತ್ಯರ್ಥವಾಗದೆ ಈ ವಾದ ಪೂರ್ತಿಯಾಗದು.