ಶಾರೀರ

ಹಾಡುವವರ ದನಿಗೆ ಕನ್ನಡದಲ್ಲಿ ಗೌರವದ ಹೆಸರೊಂದಿದೆ: ಶಾರೀರ. ಶರೀರಕ್ಕೆ ಸೇರಿದ್ದು ಎಂಬುದು ಸಂಸ್ಕೃತದ ಮೂಲಾರ್ಥ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತರತ್ನಾಕರ'ದಲ್ಲಿ ಇದನ್ನು ವಿವರಿಸಿದ್ದಾನೆ. ಅಭ್ಯಾಸವಿಲ್ಲದೆಯೂ ರಾಗವನ್ನು ಹೊಮ್ಮಿಸಬಲ್ಲ, ದೇಹದೊಡನೆಯೇ ಹುಟ್ಟಿ ಬಂದ ಧ್ವನಿಶಕ್ತಿಯೇ ಶಾರೀರ. ಅದರಲ್ಲಿ ಮಾಧುರ್ಯ, ಗಾಂಭೀರ್ಯ, ಮಾರ್ದವಗಳಿದ್ದರೆ ಸುಶಾರೀರ. ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡವನ ಮಾತು ಇದು!

ದೆಹಲಿಯ ಮುನಿರ್ಕಾದಲ್ಲಿರುವ ನನ್ನ ಗೆಳತಿಯ ಹಾಡಿಗೆ ನಾನು ಹಾರ್ಮೋನಿಯಂ ನುಡಿಸುತ್ತೇನೆ. ಹತ್ತಿರದ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಅವಳು ಹಾಡಿದರೆ ಹಿರಿಯರು "ಎಂಥಾ ಶಾರೀರ ತಾಯಿ ನಿಂದು" ಅನ್ನುತ್ತಾರೆ. ಪಕ್ಕದ ಮನೆಯ ಹಿಂದಿಯವರು ಮೆಚ್ಚುವುದು ಅವಳ 'ಗಲಾ', ಅಂದರೆ ಕೊರಳನ್ನು. ದನಿ ಎಂಬ ಅರ್ಥದಲ್ಲಿ ಶಾರೀರ ಅವರ ಬಳಕೆಯಲ್ಲಿಲ್ಲ. ತೆಲುಗರಿಗೆ, ತಮಿಳರಿಗೆ ಮಾತ್ರ ಚೆನ್ನಾಗಿ ಗೊತ್ತು.

ಈ ಪದವನ್ನು ಮನೆಮನೆಗೆ ಮುಟ್ಟಿಸಿದವರು ರಾಜ್‌ಕುಮಾರ್. ತಾವು ಬರಿಯ ಶರೀರ, ಪಿ.ಬಿ. ಶ್ರೀನಿವಾಸ್ ತಮ್ಮ ಶಾರೀರ ಎನ್ನುತ್ತಿದ್ದರು. ಕಾಕಿನಾಡದಲ್ಲಿ ಹುಟ್ಟಿದ ಗಾಯಕನಿಗೆ ಗಾಜನೂರಿನ ನಟ ಸಲ್ಲಿಸಿದ ಈ ಮೆಚ್ಚುಗೆಗಿಂತ ದೊಡ್ಡದನ್ನು ನಾನು ಕೇಳಿಲ್ಲ. 1974ರ 'ಸಂಪತ್ತಿಗೆ ಸವಾಲ್' ಬಳಿಕ ರಾಜ್ ತಾವೇ ಹಾಡತೊಡಗಿದರು. ಮಾತು ಮಾತ್ರ ಇಬ್ಬರ ಹೆಸರಿಗೂ ಅಂಟಿಕೊಂಡಿತು.

ದಿನಬಳಕೆಯಲ್ಲಿ ಶಾರೀರ ಕೂಡುತ್ತದೆ, ಕೆಡುತ್ತದೆ, ಒಡೆಯುತ್ತದೆ. ದೆಹಲಿಯ ಚಳಿಗಾಲದ ಹೊಗೆಯಲ್ಲಿ ಗೆಳತಿ "ಇವತ್ತು ಶಾರೀರ ಕೂಡ್ತಿಲ್ಲ ಕಣೋ" ಎಂದರೆ, ನಾನು ಶ್ರುತಿಯನ್ನು ಅರ್ಧ ಮನೆ ಇಳಿಸಿಕೊಳ್ಳುತ್ತೇನೆ.