ಟಾಕ್ಸಿಕ್ ಶಾಕ್ ಸಿಂಡ್ರೋಮ್: ಟ್ಯಾಂಪೂನ್ ಬಳಸುವವರಿಗೆ ಮಾತ್ರ ಬರುವ ಕಾಯಿಲೆಯೇ?

ಅಲ್ಲ. ಇದು ಗಂಡಸರಿಗೂ ಮಕ್ಕಳಿಗೂ ಬರಬಹುದು. 1978ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಟಾಡ್ ಮತ್ತು ಸಂಗಡಿಗರು ಈ ಹೆಸರಿನಲ್ಲಿ ಮೊದಲು ವರದಿ ಮಾಡಿದ್ದು 8ರಿಂದ 17 ವರ್ಷದ ಏಳು ಮಕ್ಕಳ ಬಗ್ಗೆ. ಅವರಲ್ಲಿ ಹುಡುಗರೂ ಇದ್ದರು.

ಟ್ಯಾಂಪೂನ್ ಹೆಸರು ಬಂದದ್ದು ಹೇಗೆ?
1980ರಲ್ಲಿ ಅಮೆರಿಕದಲ್ಲಿ ಮುಟ್ಟಿನ ದಿನಗಳಲ್ಲಿದ್ದ ಹಲವು ಮಹಿಳೆಯರಿಗೆ ಈ ಕಾಯಿಲೆ ಬಂತು. ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಕಾಯಿಲೆ ಬಂದವರನ್ನು ಆರೋಗ್ಯವಂತರೊಂದಿಗೆ ಹೋಲಿಸಿದಾಗ ಟ್ಯಾಂಪೂನ್ ನಂಟು ಕಾಣಿಸಿತು. ಹೆಚ್ಚು ಹೀರುವ 'ರಿಲೈ' ಟ್ಯಾಂಪೂನ್ ಅದೇ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಆದರೆ ಕಾಯಿಲೆಗೆ ಮೂಲ ಟ್ಯಾಂಪೂನ್ ಅಲ್ಲ, ಸ್ಟೆಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ. ಸುಟ್ಟ ಗಾಯ, ಶಸ್ತ್ರಚಿಕಿತ್ಸೆಯ ಗಾಯ, ಮೂಗಿಗೆ ತುರುಕಿದ ಬಟ್ಟೆಯಿಂದಲೂ ಅದು ಶುರುವಾಗಬಹುದು.

ಪ್ರಕರಣ ಎಣಿಸುವುದು ಹೇಗೆ?
ಎಲ್ಲರೂ ಒಂದೇ ಅಳತೆಗೋಲು ಬಳಸಬೇಕು. ಸಿಡಿಸಿಯ ಪಟ್ಟಿಯಲ್ಲಿ ಐದು ಲಕ್ಷಣಗಳಿವೆ:

1. 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ
2. ಬಿಸಿಲಿಗೆ ಸುಟ್ಟಂತೆ ಮೈ ಕೆಂಪಾಗುವುದು
3. ರಕ್ತದೊತ್ತಡ ಕುಸಿತ (ದೊಡ್ಡವರಲ್ಲಿ ಮೇಲಿನ ಅಂಕಿ 90 ಅಥವಾ ಕಡಿಮೆ)
4. ಹೊಟ್ಟೆ, ಸ್ನಾಯು, ಮೂತ್ರಪಿಂಡ, ಯಕೃತ್ತು, ಮಿದುಳು ಮುಂತಾದವುಗಳಲ್ಲಿ ಕನಿಷ್ಠ ಮೂರಕ್ಕೆ ತೊಂದರೆ
5. ಒಂದೆರಡು ವಾರದ ನಂತರ ಚರ್ಮ ಸುಲಿಯುವುದು

ನಾಲ್ಕಿದ್ದರೆ 'ಸಂಭವನೀಯ', ಐದೂ ಇದ್ದರೆ 'ಖಚಿತ'. ಚರ್ಮ ಸುಲಿಯುವ ಮೊದಲೇ ರೋಗಿ ತೀರಿಕೊಂಡರೆ ಉಳಿದ ನಾಲ್ಕು ಸಾಕು. ದಡಾರ, ಇಲಿ ಜ್ವರದಂಥವುಗಳ ಪರೀಕ್ಷೆ ಮಾಡಿದ್ದರೆ, ಅವು ಇಲ್ಲವೆಂದು ಬಂದಿರಬೇಕು.

ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಟಾಕ್ಸಿಕ್ ಶಾಕ್‌ಗೆ ಬೇರೆಯೇ ಪಟ್ಟಿ ಇದೆ. ಅಲ್ಲಿ ಬ್ಯಾಕ್ಟೀರಿಯಾ ಪತ್ತೆಯಾಗಲೇಬೇಕು: ರಕ್ತದಲ್ಲಿ ಸಿಕ್ಕರೆ 'ಖಚಿತ', ಗಂಟಲಿನಲ್ಲಷ್ಟೇ ಸಿಕ್ಕರೆ 'ಸಂಭವನೀಯ'. 2024ರಲ್ಲಿ ಜಪಾನಿನಿಂದ ಬಂದ 'ಮಾಂಸ ತಿನ್ನುವ ಬ್ಯಾಕ್ಟೀರಿಯಾ' ಸುದ್ದಿ ಈ ಬಗೆಯದು. ಆ ಅಂಕಿಗಳನ್ನು ಟ್ಯಾಂಪೂನ್ ಎಚ್ಚರಿಕೆಗೆ ಅಂಟಿಸಿದ ಸಂದೇಶ ಬಂದರೆ ಮುಂದೆ ಕಳಿಸಬೇಡಿ.

ಪಟ್ಟಿ ನೋಡಿ ಕಾಯಬಹುದೇ?
ಖಂಡಿತ ಬೇಡ. ಈ ಪಟ್ಟಿ ಇರುವುದು ಲೆಕ್ಕ ಇಡಲು, ಚಿಕಿತ್ಸೆ ತಡಮಾಡಲು ಅಲ್ಲ. ಚರ್ಮ ಸುಲಿಯುವುದು ವಾರಗಳ ಮಾತು. ರೋಗಿಯ ಸ್ಥಿತಿ ಹದಗೆಡುವುದು ಗಂಟೆಗಳಲ್ಲಿ. ಹಾಗಾಗಿ ವೈದ್ಯರು ಅನುಮಾನ ಬಂದ ಕೂಡಲೇ ಚಿಕಿತ್ಸೆ ಶುರುಮಾಡುತ್ತಾರೆ.

ನೀವು ಮಾಡಬೇಕಾದ್ದು
ದಿಢೀರ್ ಜ್ವರದ ಜೊತೆ ವಾಂತಿ, ಭೇದಿ, ತಲೆಸುತ್ತು, ಮೈ ಕೆಂಪಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಟ್ಯಾಂಪೂನ್ ಅಥವಾ ಮುಟ್ಟಿನ ಕಪ್ ಇದ್ದರೆ ತೆಗೆದುಬಿಡಿ. ಅದನ್ನು ಬಳಸುತ್ತಿದ್ದುದನ್ನೂ ಇತ್ತೀಚಿನ ಗಾಯವನ್ನೂ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಒಂದೇ ಟ್ಯಾಂಪೂನನ್ನು 8 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ.