ಧೂಪವನ್ನೂ ಬತ್ತಿಯನ್ನೂ ಕೊಟ್ಟ ಒಂದೇ ಮರ



ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದಲ್ಲಿ, ನಾವು ಮೇಣದ ಬತ್ತಿಗಳನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತೇವೆ. ಈಚೆಗೆ ಗಾಜಿನ ಲೋಟದಲ್ಲಿ ತುಂಬಿದ ಪರಿಮಳದ ಬತ್ತಿಗಳೂ ಉಡುಗೊರೆಯಾಗಿ ಮನೆಗಳಿಗೆ ಬರುತ್ತಿವೆ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪರಿಮಳಕ್ಕೆಂದು ಪೇಟೆಗೆ ಹೋಗಬೇಕಾಗಿಯೇ ಇರಲಿಲ್ಲ. ಧೂಪವನ್ನೂ ಬತ್ತಿಯ ಕೊಬ್ಬನ್ನೂ ಕೊಡುವ ಮರ ಮಲೆನಾಡಿನಲ್ಲೇ ಇದೆ. ಅದೇ ಸಾಲುಧೂಪ.

ರಸ್ತೆಯ ಇಕ್ಕೆಲಗಳಲ್ಲಿ ನೆರಳಿಗಾಗಿ ಸಾಲಾಗಿ ನೆಡುತ್ತಿದ್ದ ಮರವಾದ್ದರಿಂದ ಈ ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ವಟೇರಿಯಾ ಇಂಡಿಕಾ ಎನ್ನುತ್ತಾರೆ. ಪಶ್ಚಿಮಘಟ್ಟದ ಹೊರಗೆ ಇದು ತಾನಾಗಿ ಬೆಳೆಯುವುದಿಲ್ಲ. ತೊಗಟೆಗೆ ಗಾಯವಾದರೆ ಒಸರುವ ಅಂಟೇ ಬಿಳಿ ಧೂಪ. (ಕಪ್ಪು ಧೂಪ ಕೊಡುವ ರಾಳಧೂಪ ಬೇರೆಯೇ ಮರ.) ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಮರದ ಚಿತ್ರವಿದೆ. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಮಲಯಾಳದ ವೈದ್ಯ ಇಟ್ಟಿ ಅಚ್ಯುತನ್ ಅವರ ಜೊತೆಗೆ ಇಟಲಿಯ ಕಾರ್ಮೆಲ್ ಸಭೆಯ ಗುರು ಮ್ಯಾಥ್ಯೂ ಅವರೂ ಆ ಕೆಲಸಕ್ಕೆ ನೆರವಾದರು. ಗುಡ್ಡ ಹತ್ತಿ ಗಿಡಮೂಲಿಕೆ ನೋಡುವುದೂ ಗುರುಗಳ ಕೆಲಸವಾಗಿದ್ದ ಕಾಲ ಅದು!

ಇನ್ನು ಬತ್ತಿಯ ವಿಷಯ. ಸಾಲುಧೂಪದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಇಂಗ್ಲಿಷರು ಇದನ್ನು ‘ಪೈನಿ ಟ್ಯಾಲೋ’ ಎಂದು ಕರೆದರು. ಆಗ ಯುರೋಪಿನ ಬಡವರು ಉರಿಸುತ್ತಿದ್ದುದು ದನಕುರಿಗಳ ಕೊಬ್ಬಿನ ಬತ್ತಿ. ಅದರ ಹೊಗೆ ಕಣ್ಣುರಿಸುತ್ತಿತ್ತು, ನಾತ ಬೇರೆ. ಧೂಪದ ಕೊಬ್ಬಿನ ಬತ್ತಿಯಲ್ಲಿ ಆ ನಾತವಿರಲಿಲ್ಲ. ಕೊರತೆ ಒಂದೇ: ಜೇನುಮೇಣ ಕರಗಲು 62 ಡಿಗ್ರಿಗೂ ಹೆಚ್ಚು ಶಾಖ ಬೇಕು, ಈ ಕೊಬ್ಬು ಸುಮಾರು 40 ಡಿಗ್ರಿಯೊಳಗೇ ಕರಗುತ್ತದೆ. 1825ರಲ್ಲಿ ಫ್ರಾನ್ಸಿನ ಷೆವ್ರೂಲ್ ಕೊಬ್ಬಿನಿಂದ ಗಟ್ಟಿ ಆಮ್ಲವನ್ನು ಬೇರ್ಪಡಿಸಿ ಬತ್ತಿ ಮಾಡುವ ಹಕ್ಕುಪತ್ರ ಪಡೆದರು. 1850ರ ನಂತರ ಅಗ್ಗದ ಪ್ಯಾರಾಫಿನ್ ಬಂದು ಎಲ್ಲವನ್ನೂ ಮೂಲೆಗೆ ತಳ್ಳಿತು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಬತ್ತಿ ಬಹುತೇಕ ಪ್ಯಾರಾಫಿನ್ನಿನದೇ.

ಪರಿಮಳ ಹೊರಡುವ ಬಗೆಯೂ ತಿಳಿಯತಕ್ಕದ್ದು. ಬತ್ತಿಯ ದಾರ ಕರಗಿದ ಮೇಣವನ್ನು ಮೇಲಕ್ಕೆ ಹೀರುತ್ತದೆ, ಮೇಣ ಆವಿಯಾಗಿ ಉರಿಯುತ್ತದೆ. ಜ್ವಾಲೆಗೆ ಸೇರಿದ ಸುಗಂಧತೈಲ ಸುಟ್ಟುಹೋಗುತ್ತದೆ. ನಮ್ಮ ಮೂಗಿಗೆ ಬರುವುದು ದಾರದ ಸುತ್ತ ಕರಗಿ ನಿಂತ ಮೇಣದಿಂದ ಮೆಲ್ಲಗೆ ಆವಿಯಾದದ್ದು ಮಾತ್ರ. ಧೂಪವೂ ಹಾಗೆಯೇ. ಕೆಂಡದ ಮೇಲಿಟ್ಟರೆ ಘಮ, ಹೊತ್ತಿ ಉರಿದರೆ ಬರೀ ಮಸಿ. ನಮ್ಮ ಅಜ್ಜಿಯರು ಯಾವ ಪುಸ್ತಕ ಓದದೆಯೂ ಕೆಂಡವನ್ನೇ ಆರಿಸಿಕೊಂಡರು. ಆದರೂ ಘಮದ ಜೊತೆ ಸೂಕ್ಷ್ಮ ಕಣಗಳು ಹೊಮ್ಮುವುದು ತಪ್ಪದು. ಹಸುಗೂಸು, ದಮ್ಮಿನ ರೋಗಿಗಳಿರುವ ಮನೆಯಲ್ಲಿ ಕಿಟಕಿ ತೆರೆದು ಧೂಪ ಹಾಕುವುದೇ ಲೇಸು.

ನಮಗೆ ಇದಕ್ಕಿಂತ ಚಿಂತೆ ಮರದ್ದು. ಪ್ಲೈವುಡ್ಡಿಗಾಗಿ ಸಾಲುಧೂಪವನ್ನು ಹೇರಳವಾಗಿ ಕಡಿದಿದ್ದಾರೆ. ಧೂಪಕ್ಕಾಗಿ ಬುಡವನ್ನು ಅತಿಯಾಗಿ ಕೆತ್ತಿದರೆ ಮರ ಸೊರಗುತ್ತದೆ. ಬೀಜದ ಕೊಬ್ಬು ಸಾಬೂನಿಗೂ, ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲಿಗೂ ಬೇಕು. ಆದ್ದರಿಂದ ಬಿದ್ದ ಬೀಜವೂ ಮಣ್ಣಿಗೆ ಸೇರದೆ ಚೀಲ ಸೇರುತ್ತದೆ. ರಾಗಿ, ಭತ್ತದಂತೆ ಇದನ್ನು ಒಣಗಿಸಿ ಮುಂದಿನ ವರ್ಷಕ್ಕೆ ಇಡಲಾಗದು, ಒಣಗಿದರೆ ಮೊಳಕೆ ಸಾಯುತ್ತದೆ. ಮಳೆಗಾಲದ ಮೊದಲಲ್ಲಿ ಬೀಜ ಉದುರುತ್ತದೆ. ತೋಟದ ಬೇಲಿಗೋ, ದೇವಾಲಯದ ಆವರಣಕ್ಕೋ ಈ ಮರ ಬೇಕೆನ್ನುವವರು ಹಸಿ ಬೀಜವನ್ನು ಆಯ್ದ ಒಂದೆರಡು ದಿನಗಳಲ್ಲೇ ನೆರಳಿರುವ ಒದ್ದೆ ಮಣ್ಣಿನಲ್ಲಿ ಊರಬೇಕು.